ದಾನಪತ್ರದ ಮೂರನೇ ಪ್ಯಾರಾ

ದಾನಪತ್ರ ಬರೆಸೋಕೆ ಬರುವ ಮಕ್ಕಳಿಗೆ ಗಡಿಬಿಡಿ ಜಾಸ್ತಿ. ಈ-ಖಾತಾ, ಇಸಿ, ಚಕ್ಕುಬಂದಿ ಅಂತ ಆಸ್ತಿಯ ಕಾಗದವನ್ನೆಲ್ಲ ಫೈಲಿನಲ್ಲಿ ಜೋಡಿಸಿಕೊಂಡೇ ಬಂದಿರುತ್ತಾರೆ. ಕೊಡುವ ಅಪ್ಪ ಅಮ್ಮ ಮಾತ್ರ ಮೂಲೆಯ ಕುರ್ಚಿಯಲ್ಲಿ.

ಪತ್ರ ಬರೆಯುವ ನಾನು ಮೂರನೇ ಪ್ಯಾರಾದಲ್ಲಿ ಒಂದು ಸಾಲು ಹಾಕುತ್ತೇನೆ: 'ದಾನ ಪಡೆದವರು ದಾನಿಯ ಊಟ, ಬಟ್ಟೆ, ವಸತಿ, ಔಷಧೋಪಚಾರ ನೋಡಿಕೊಳ್ಳತಕ್ಕದ್ದು. ತಪ್ಪಿದಲ್ಲಿ ಈ ದಾನ ರದ್ದಾಗತಕ್ಕದ್ದು.' 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ನಿಂತಿರುವುದೇ ಇಂಥ ಕರಾರಿನ ಮೇಲೆ. ಮಕ್ಕಳು ನೋಡಿಕೊಳ್ಳದಿದ್ದರೆ ಎಸಿ (ಉಪವಿಭಾಗಾಧಿಕಾರಿ) ಸಾಹೇಬರ ಮುಂದೆ ಅರ್ಜಿ ಹಾಕಿ ಪತ್ರ ರದ್ದು ಮಾಡಿಸಬಹುದು. ವಕೀಲರನ್ನು ಇಡಲೇಬೇಕು ಅಂತೇನಿಲ್ಲ. ಆದರೆ ಬರೀ 'ಪ್ರೀತಿ ವಿಶ್ವಾಸದಿಂದ' ಅಂತ ಬರೆದಿದ್ದರೆ ಪೇಚಾಟ. ಕರಾರು ಇತ್ತು ಅಂತ ತೋರಿಸಲೇಬೇಕು ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಒಬ್ಬ ತಾಯಿಗೆ ಆಸ್ತಿ ವಾಪಸ್ ಕೊಡಿಸಿತಲ್ಲ, ಅಲ್ಲೂ ನೋಡಿಕೊಳ್ಳುತ್ತೇನೆ ಅಂತ ಮಗ ಬರೆದುಕೊಟ್ಟ ಕಾಗದ ಅಂತ ಒಂದಿತ್ತು.

ಮೊನ್ನೆ ಬಂದಿದ್ದ ಮಗ ಈ ಸಾಲಿಗೆ ತಕರಾರು ತೆಗೆಯುತ್ತಾನೆ ಅಂದುಕೊಂಡಿದ್ದೆ. ಉತ್ತರಾನೂ ರೆಡಿ ಇತ್ತು. ಅವನು ಸುಮ್ನೆ ಕೇಳಿಸಿಕೊಂಡ. ಅಮ್ಮನೂ ಹೂಂ ಅಂದರು. ರಿಜಿಸ್ಟ್ರೇಷನ್ ದಿನ ಪುಟಪುಟಕ್ಕೂ ಸಹಿ ಹಾಕುತ್ತಾ ಬಂದವರು 'ರದ್ದು' ಅನ್ನೋ ಕಡೆ ಬೆರಳಿಟ್ಟು ನಿಂತುಬಿಟ್ಟರು.

"ಏನ್ ಸ್ವಾಮಿ, ಹೆತ್ತ ಮಗನಿಗೇ ಕರಾರು ಹಾಕ್ತೀರಾ? ತೆಗೀರಿ ಇದನ್ನ."

ಅಷ್ಟರಲ್ಲಿ ಒಳಗಿಂದ ನಮ್ಮ ನಂಬರ್ ಕೂಗಿದರು. ಅಮ್ಮ ಪೆನ್ನಿನ ಕ್ಯಾಪ್ ಹಾಕಿಬಿಟ್ಟರು. ನಾನು ಕಲಂ ಹೇಳಿದೆ, ಕೋರ್ಟ್ ಹೇಳಿದೆ. "ನಾಳೆ ಸೊಸೆ ಓದಿದರೆ ಏನಂದುಕೊಳ್ತಾಳೆ?" ಅನ್ನೋದೇ ಅವರ ಚಿಂತೆ. ಮತ್ತೆ ಕೂಗಿದರು. ನಮ್ಮ ಹಿಂದಿನವರು ಆಗಲೇ ಎದ್ದು ನಿಂತಿದ್ದರು.

"ಸಾಲು ತೆಗೆದರೆ ಎಷ್ಟು ಹೊತ್ತಾಗುತ್ತೆ?" ಮಗ ಕೇಳಿದ.

"ನೋಂದಣಿಯ ಕಾವೇರಿ ಸಾಫ್ಟ್‌ವೇರ್‌ನಲ್ಲಿ ಮತ್ತೆ ಅಪ್‌ಲೋಡ್, ಮತ್ತೆ ಅಪ್ರೂವಲ್, ಮತ್ತೆ ಸ್ಲಾಟ್. ಸರ್ವರ್ ದಯೆ ತೋರಿಸಿದರೆ ಮುಂದಿನ ವಾರ."

ಅವನಿಗೆ ರಜೆ ಇರಲಿಲ್ಲ. "ಇರಲಿ ಬಿಡಮ್ಮ, ಸಹಿ ಹಾಕು" ಅಂದ.

ದಿನಾ ಬೈಸಿಕೊಳ್ಳುವ ಸಾಫ್ಟ್‌ವೇರ್ ಅವತ್ತು ಸುಪ್ರೀಂ ಕೋರ್ಟಿಗಿಂತ ಜಾಸ್ತಿ ಕೆಲಸಕ್ಕೆ ಬಂತು. ಹಾಗಂತ ಸರ್ವರ್ ಡೌನ್ ಆದಾಗ ನಾನೇನೂ ಬಾಯಿ ಮುಚ್ಚಿಕೊಂಡು ಕೂರಲ್ಲ.

ಮಗ ಪಕ್ಕದಲ್ಲೇ ಇದ್ದರೆ ಯಾವ ಅಮ್ಮ ತಾನೇ ಆ ಸಾಲು ಇರಲಿ ಅಂತಾಳೆ? ಈಗ ಕರಡು ಓದುವ ಮುಂಚೆ ಮಕ್ಕಳಿಗೆ ಜೆರಾಕ್ಸ್ ಕೆಲಸ ಕೊಟ್ಟು ಹೊರಗೆ ಕಳಿಸುತ್ತೇನೆ. ಆಧಾರ್ ಕಾರ್ಡಿನದು ಹೆಚ್ಚಿಗೆ ಎರಡು ಕಾಪಿ ಇದ್ದರೆ ನಷ್ಟವೇನಿಲ್ಲ.