ಶಿರೂರು ಬೇಡ, ಅರಬೈಲ್ ಮೇಲೆ ಬನ್ನಿ

ಮದುವೆ ಮುಂದೂಡಬಹುದು, ಗೃಹಪ್ರವೇಶ ಮುಂದೂಡಬಹುದು. ಅಜ್ಜನ ತಿಥಿಯನ್ನು ಮಳೆ ಇದೆ ಅಂತ ಯಾರೂ ಮುಂದೂಡುವುದಿಲ್ಲ. ಹಾಗಾಗಿ 2025ರ ಆಷಾಢದಲ್ಲಿ, ಮಳೆ ಹಿಡಿದು ಸುರಿಯುತ್ತಿದ್ದಾಗಲೇ, ಆಯಿಯನ್ನು, ಅಂದರೆ ಅಮ್ಮನನ್ನು, ಕರೆದುಕೊಂಡು ಕಾರವಾರದಿಂದ ಶಿರಸಿ ಹತ್ತಿರದ ಅವಳ ತವರಿಗೆ ಹೊರಡಬೇಕಾಯಿತು.

ಹೊರಡುವ ಹಿಂದಿನ ದಿನವೇ ಮಾವನ ಫೋನು. "ಶಿರೂರು ಮೇಲೆ ಬರಡಿ. ಅರಬೈಲ್ ಮೇಲೆ ಬನ್ನಿ. ಅಲ್ಲೆಂತ ಆಜಿಲ್ಲೆ." ಶಿರೂರು ಸಿಗುವುದು ಕುಮಟಾ ರಸ್ತೆಯಲ್ಲಿ, ಅರಬೈಲ್ ಯಲ್ಲಾಪುರ ರಸ್ತೆಯ ಘಟ್ಟ. ಅಲ್ಲಿ ಏನೂ ಆಗಿಲ್ಲ ಅಂತ ಮಾವನ ಲೆಕ್ಕ. ಆಯಿಯದ್ದೂ ಅದೇ ಮಾತು. "ಆ ಗುಡ್ಡದ ಬುಡದಲ್ಲಿ ಹೋಪ್ದು ಬ್ಯಾಡ ತಮಾ. ಎಂಗೆ ಕಣ್ಣೆದ್ರಿಗೆ ಅದೇ ಬತ್ತು."

ಅವಳ ಕಣ್ಣೆದುರಿಗೆ ಏನು ಬರುತ್ತದೆ ಅಂತ ಈ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66ರ ಮೇಲೆ ಬಿತ್ತು. ರಸ್ತೆ ಪಕ್ಕದ ಚಹಾ ಅಂಗಡಿ, ನಿಂತಿದ್ದ ಲಾರಿ, ಗ್ಯಾಸ್ ಟ್ಯಾಂಕರು ಎಲ್ಲ ಗಂಗಾವಳಿ ಹೊಳೆಗೆ ಹೋದವು. ಕೇರಳದ ಲಾರಿ ಚಾಲಕನಿಗಾಗಿ ಎರಡು ತಿಂಗಳಿಗೂ ಮೇಲೆ ಹುಡುಕಾಟ ನಡೆಯಿತು. ಅಷ್ಟೂ ದಿನ ಟಿವಿಯಲ್ಲಿ ಅದೇ ಕೆಂಪು ಮಣ್ಣು, ಅದೇ ಹೊಳೆ. ಆಯಿ ಊಟಕ್ಕೆ ಕೂತಾಗಲೂ ಅದನ್ನೇ ನೋಡುತ್ತಿದ್ದಳು.

ಸಂಜೆಯ ಹೊತ್ತಿಗೆ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಒಂದು ವೀಡಿಯೊ ಬಂತು. ಗುಡ್ಡ ಜಾರುತ್ತಿದೆ, ಜನ ಓಡುತ್ತಿದ್ದಾರೆ. ಕೆಳಗೆ "ಈಗಷ್ಟೇ ಕುಮಟಾ ಹತ್ತಿರ" ಅಂತ ಬರೆದಿತ್ತು. ನಿಲ್ಲಿಸಿ ನೋಡಿದರೆ ಅಲ್ಲಿದ್ದ ಲಾರಿಯ ನಂಬರು ಹಿಮಾಚಲದ್ದು. ಹೇಳಿದೆ. ಮಾವ ಒಪ್ಪಿಕೊಂಡರು. ಒಪ್ಪಿಕೊಂಡು, "ಆದ್ರೂ ಅರಬೈಲ್ ಮೇಲೇ ಬನ್ನಿ" ಅಂದರು. ವೀಡಿಯೊ ಸುಳ್ಳು ಅಂತ ತಿಳಿದರೂ ಅದು ಹುಟ್ಟಿಸಿದ ಹೆದರಿಕೆ ಹೋಗಿರಲಿಲ್ಲ.

ಮನಸ್ಸಿನ ಈ ಚಾಳಿಯನ್ನು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಆಮೋಸ್ ಟ್ವೆರ್ಸ್ಕಿ 1973ರಲ್ಲೇ ಬರೆದಿಟ್ಟಿದ್ದರು. ಒಂದು ವಿಷಯ ಎಷ್ಟು ಸಲ ನಡೆಯುತ್ತದೆ ಅಂತ ನಾವು ಲೆಕ್ಕ ಹಾಕುವುದಿಲ್ಲ. ಅದರ ಉದಾಹರಣೆ ಎಷ್ಟು ಬೇಗ ನೆನಪಿಗೆ ಬರುತ್ತದೆ ಅಂತ ನೋಡಿ, ಅದನ್ನೇ ಲೆಕ್ಕ ಅಂದುಕೊಳ್ಳುತ್ತೇವೆ. ಅವರು ಜನರಿಗೆ ಹೆಸರುಗಳ ಒಂದು ಪಟ್ಟಿ ಓದಿ ಕೇಳಿಸಿದ್ದರು. ಅದರಲ್ಲಿ 19 ಪ್ರಸಿದ್ಧ ಹೆಂಗಸರು, ಅಷ್ಟೇನೂ ಪ್ರಸಿದ್ಧರಲ್ಲದ 20 ಗಂಡಸರು. ಯಾರು ಜಾಸ್ತಿ ಇದ್ದರು ಅಂತ ಕೇಳಿದರೆ ಹೆಚ್ಚಿನವರು ಹೆಂಗಸರು ಅಂದರು. ಗಂಡಸರೇ ಪ್ರಸಿದ್ಧರಾಗಿದ್ದ ಪಟ್ಟಿಯಲ್ಲಿ ಉತ್ತರ ಉಲ್ಟಾ ಆಯಿತು. ನೆನಪಿನಲ್ಲಿ ನಿಂತ ಹೆಸರುಗಳೇ ಲೆಕ್ಕಕ್ಕೆ ಬಂದವು.

ಹಾಗಂತ ಆಯಿಯ ಹೆದರಿಕೆ ಮೂಢ ಅಂತ ನಾನು ಹೇಳುವುದಿಲ್ಲ. ಮಳೆಗಾಲದಲ್ಲಿ ಕಡಿದ ಗುಡ್ಡದ ಕೆಳಗೆ ಹೋಗುವುದು ಅಪಾಯವೇ. ನನ್ನ ತಕರಾರು ಇನ್ನೊಂದು ರಸ್ತೆಯ ಬಗ್ಗೆ. "ಅಲ್ಲೆಂತ ಆಜಿಲ್ಲೆ" ಅಂದರಲ್ಲ ಮಾವ, ಅದರ ಬಗ್ಗೆ.

2025ರ ಜನವರಿ 22ರ ನಸುಕಿನಲ್ಲಿ, ಅದೇ ಯಲ್ಲಾಪುರದ ರಸ್ತೆಯಲ್ಲಿ, ಗುಳ್ಳಾಪುರದ ಹತ್ತಿರ ಲಾರಿಯೊಂದು ಉರುಳಿತ್ತು. ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ತರಕಾರಿ, ಹಣ್ಣಿನ ವ್ಯಾಪಾರಿಗಳು ಅದರಲ್ಲಿದ್ದರು. ಹತ್ತು ಜನ ಸತ್ತರು. ನಾವು ಮಾತಾಡುತ್ತಿದ್ದದ್ದು ಅದಾಗಿ ಐದಾರು ತಿಂಗಳಿಗೆ. ಮಾವನ ಮನೆಯಿಂದ ನೋಡಿದರೆ ಶಿರೂರಿಗಿಂತ ಗುಳ್ಳಾಪುರವೇನು ದೂರವಲ್ಲ. ಯಾರ ಬಾಯಲ್ಲೂ ಅದರ ಮಾತಿಲ್ಲ. ನೆನಪಿಸಿದರೆ ಮಾವ ಹೇಳಿದ್ದು: "ಅದು ಆಕ್ಸಿಡೆಂಟು ಮಾರಾಯಾ."

ಆಕ್ಸಿಡೆಂಟು ಅಂದರೆ ಮುಗಿಯಿತು. ಅದು ಬೇರೆಯವರಿಗೆ ಆಗುವಂಥದ್ದು. ಗುಡ್ಡ ಮೈಮೇಲೆ ಬಿದ್ದರೆ ನಮ್ಮ ಕೈಯಲ್ಲಿ ಏನೂ ಇಲ್ಲ. ಸ್ಟಿಯರಿಂಗ್ ಮಾತ್ರ ನಮ್ಮ ಕೈಯಲ್ಲೇ ಇದೆ ಅಂತ ನಂಬಿಕೆ. ಓಲಾ ಸ್ವೆನ್ಸನ್ ಎಂಬ ಸ್ವೀಡನ್ನಿನ ಸಂಶೋಧಕ 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ವಿದ್ಯಾರ್ಥಿಗಳ ಪೈಕಿ ನೂರಕ್ಕೆ 93 ಜನ ತಮ್ಮ ಚಾಲನಾ ಕೌಶಲ ಗುಂಪಿನ ನಡುಮಟ್ಟಕ್ಕಿಂತ ಮೇಲೆ ಅಂದಿದ್ದರು. ಅರ್ಧ ಜನ ಕೆಳಗಿರಲೇಬೇಕು, ಅಲ್ವಾ? ಮಾವ ಆ ಪರೀಕ್ಷೆಗೆ ಕೂತಿದ್ದರೆ ನೂರಕ್ಕೆ 94 ಆಗುತ್ತಿತ್ತು. ಅವರ ಜೀಪಿನಲ್ಲಿ ದೇವಿಮನೆ ಘಟ್ಟ ಇಳಿದವರಿಗೆ ನನ್ನ ಮಾತು ಗೊತ್ತಾಗುತ್ತದೆ.

ಅಮೆರಿಕದ್ದೇ ಇನ್ನೊಂದು ಕತೆ ಆ ರಾತ್ರಿ ನನ್ನ ತಲೆಯಲ್ಲಿ ಓಡುತ್ತಿತ್ತು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಲ್ಲಿಯ ತುಂಬಾ ಜನ ವಿಮಾನ ಬಿಟ್ಟು ಕಾರು ಹತ್ತಿದರು. ಜರ್ಮನಿಯ ಮನಶ್ಶಾಸ್ತ್ರಜ್ಞ ಗೆರ್ಡ್ ಗಿಗೆರೆನ್ಜರ್ ಲೆಕ್ಕ ತೆಗೆದು ನೋಡಿದರೆ, ಮುಂದಿನ ಹನ್ನೆರಡು ತಿಂಗಳಲ್ಲಿ ರಸ್ತೆಯಲ್ಲಿ ಸುಮಾರು 1,500 ಜನ ಹೆಚ್ಚಾಗಿ ಸತ್ತಿದ್ದರು. ಅವರ ಬಗ್ಗೆ ಟಿವಿಯಲ್ಲಿ ಏನೂ ಬರಲಿಲ್ಲ. ಒಂದೊಂದು ಊರಿನಲ್ಲಿ ಒಬ್ಬೊಬ್ಬರು ಸತ್ತರೆ ಯಾರು ತೋರಿಸುತ್ತಾರೆ?

ಕಾರವಾರದಲ್ಲೇ ಇದ್ದುಕೊಂಡು ದೂರದ ಉದಾಹರಣೆ ಯಾಕೆ? 2009ರ ಅಕ್ಟೋಬರಿನಲ್ಲಿ ಇಲ್ಲೇ ಕಡವಾಡದ ಝರಿವಾಡದಲ್ಲಿ ಗುಡ್ಡ ಕುಸಿದು 19 ಜನ ಸತ್ತರು. ನಮ್ಮ ಆಫೀಸಿನಲ್ಲಿ ಶಿರೂರಿನ ಸುದ್ದಿ ಬಂದಾಗೆಲ್ಲ "ಈ ಕಡೆ ಹೀಗೆ ಯಾವತ್ತೂ ಆಗಿರಲಿಲ್ಲ" ಅನ್ನುವವರಿದ್ದಾರೆ. ಅವರೂ ಹುಟ್ಟಿ ಬೆಳೆದದ್ದು ಕಾರವಾರದಲ್ಲೇ. ಆಗ ಎಲ್ಲರ ಕೈಯಲ್ಲೂ ಈಗಿನಂಥ ಫೋನು ಇರಲಿಲ್ಲ. ವೀಡಿಯೊ ಇಲ್ಲ, ಹಾಗಾಗಿ ನೆನಪೂ ಇಲ್ಲ.

ಬೆಳಿಗ್ಗೆ ಬಾಡಿಗೆ ಕಾರು ಬಂತು. ಡ್ರೈವರ್ ಅಂಕೋಲಾ ಕಡೆಯ ಹುಡುಗ, ಮಾತು ಕಮ್ಮಿ. ಯಾವ ರಸ್ತೆ ಅಂತ ಕೇಳಿದೆ. ಅವನು ರಸ್ತೆಯ ಮಾತೇ ಎತ್ತಲಿಲ್ಲ. "ರಾತ್ರಿ ಎಷ್ಟು ಹೊತ್ತು ಬಿದ್ದದೆ ಸರ್ ಮಳೆ? ನಮ್ಮ ಕಡೆ ಮೂರು ಗಂಟೆಗೆ ನಿಂತದೆ" ಅಂದ. ಆಮೇಲೆ ಘಟ್ಟದ ಕೆಳಗಿನ ರಾಮನಗುಳಿಯಲ್ಲಿರುವ ಯಾರಿಗೋ ಫೋನು ಮಾಡಿದ. ಕುಮಟಾದಲ್ಲಿ ಇನ್ನೊಬ್ಬರಿಗೆ. ಇಷ್ಟು ಹೊತ್ತು ಯಾವ ರಸ್ತೆ ಅಂತ ಜಗಳ ಆಡಿದ ನಮಗೆ ಯಾವಾಗ ಹೊರಡುವುದು ಅಂತ ಹೊಳೆದೇ ಇರಲಿಲ್ಲ. ಮಳೆ ಅಳೆಯುವ ಇಲಾಖೆಯ ಲೆಕ್ಕದಲ್ಲಿ ಒಂದು ದಿನಕ್ಕೆ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 204.4 ದಾಟಿದರೆ ಅತಿ ಹೆಚ್ಚಿನ ದರ್ಜೆ. ಆ ಎರಡರ ನಡುವೆ ಎಷ್ಟೊಂದು ವ್ಯತ್ಯಾಸ! ಆಯಿಗೆ ಮಾತ್ರ ಎಲ್ಲವೂ "ಮಳೆ".

ಇನ್ನೇನು ನೋಡುತ್ತೀಯ ಅಂತ ಕೇಳಿದ್ದಕ್ಕೆ ಹುಡುಗ ಹೇಳಿದ: ಗುಡ್ಡದಿಂದ ಬರುವ ನೀರು ತಿಳಿಯಾಗಿದ್ದರೆ ಅಡ್ಡಿಯಿಲ್ಲ, ಕೆಂಪಗೆ ಕದಡಿ ಬಂದರೆ ನಿಲ್ಲಬಾರದು. ನಿನ್ನೆ ಇಲ್ಲದ ಕಡೆ ಇವತ್ತು ಒರತೆ ಕಂಡರೆ, ಮರ ರಸ್ತೆ ಕಡೆ ವಾಲಿದ್ದರೆ, ಬೇಗ ದಾಟಬೇಕು ಇಲ್ಲಾ ತಿರುಗಬೇಕು. ಅವನ ಪ್ರಕಾರ ಅವತ್ತು ಕುಮಟಾ ರಸ್ತೆಯೇ ಸಲೀಸು. ಆಯಿ ಕೇಳಲಿಲ್ಲ. ದೊಡ್ಡವರ ಮಾತು, ಅದೂ ಅವಳ ಅಪ್ಪನ ತಿಥಿ. ಬಾಳೆಗುಳಿಯಲ್ಲಿ ಕಾರು ಯಲ್ಲಾಪುರದ ಮೇಲೆ ಹೋಗುವ ಹುಬ್ಬಳ್ಳಿ ರಸ್ತೆಗೆ ತಿರುಗಿತು. ಮೂವತ್ತು ಕಿಲೋಮೀಟರಿನಷ್ಟು ಸುತ್ತು.

ಸುಂಕಸಾಳ ದಾಟಿ ಘಟ್ಟ ಹತ್ತುವಾಗ ಮುಂದೆ ಟ್ಯಾಂಕರು, ಹಿಂದೆ ಟ್ಯಾಂಕರು. ವೈಪರ್ ಎಷ್ಟು ಆಡಿದರೂ ಗಾಜು ಮಸುಕು. ಒಂದು ತಿರುವಿನಲ್ಲಿ ಎದುರಿನಿಂದ ಬಸ್ಸೊಂದು ಲಾರಿಯನ್ನು ಹಿಂದೆ ಹಾಕಿ ನಮ್ಮ ಬದಿಗೇ ಬಂತು. ಹುಡುಗ ಚಕ್ರವನ್ನು ಮಣ್ಣಿಗೆ ಇಳಿಸಿದ. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಆಯಿ ಹಿಂದಿನ ಸೀಟಿನಲ್ಲಿ ಕವಳದ ಸಂಚಿ ಬಿಚ್ಚಿ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಸ್ವಲ್ಪ ಮೇಲೆ ರಸ್ತೆಗೆ ನಿಜವಾಗಿಯೂ ಮಣ್ಣು ಜಾರಿತ್ತು. ಜೆಸಿಬಿ ಅದನ್ನು ಬದಿಗೆ ಸರಿಸುತ್ತಿತ್ತು. ನಾನು ತೋರಿಸಿದೆ.

"ಇದು ಸಣ್ಣದು," ಅಂದಳು.

ಅದೇ ಮಣ್ಣು ಶಿರೂರಿನಲ್ಲಿ ಬಿದ್ದಿದ್ದರೆ ಕಾರು ಹಿಂದಕ್ಕೆ ತಿರುಗುತ್ತಿತ್ತು. ಇದು ಸುರಕ್ಷಿತ ರಸ್ತೆ ಅಂತ ಮೊದಲೇ ತೀರ್ಮಾನ ಆಗಿಬಿಟ್ಟಿತ್ತು. ಆಮೇಲೆ ಕಂಡದ್ದೆಲ್ಲ ಆ ತೀರ್ಮಾನಕ್ಕೆ ಹೊಂದಿಕೊಂಡೇ ಕಂಡಿತು.

ತಿಥಿ ಊಟಕ್ಕೆ ಸರಿಯಾಗಿ ತಲುಪಿದೆವು. ಊಟ ಆದಮೇಲೆ ಜಗಲಿಯಲ್ಲಿ ಕವಳದ ತಟ್ಟೆಯ ಸುತ್ತ ಮಾತು ಮತ್ತೆ ಶಿರೂರಿಗೇ ಬಂತು. "ಆ ಗುಡ್ಡ ಬೀಳ್ತು ಹೇಳಿ ಎಂಗೆ ಆಗ್ಲೇ ಗೊತ್ತಿತ್ತು" ಅಂತ ಒಬ್ಬರು. ಪಕ್ಕದವರಿಗೂ ಗೊತ್ತಿತ್ತಂತೆ. ಮಾವನಿಗೆ ಅದಕ್ಕೂ ಮೊದಲೇ ಗೊತ್ತಿತ್ತಂತೆ. ಚತುಷ್ಪಥಕ್ಕೆ ಗುಡ್ಡದ ಬುಡ ಕಡಿದದ್ದು ನಿಜ, ಓಡಾಡುವವರ ಕಣ್ಣಿಗೆಲ್ಲ ಅದು ಕಂಡಿದ್ದೂ ನಿಜ. ಆದರೆ ಅಷ್ಟು ಖಾತ್ರಿ ಇದ್ದವರು ಅದೇ ರಸ್ತೆಯಲ್ಲಿ ಕಾರವಾರಕ್ಕೆ ಬಂದು ಹೋಗಿ ಮಾಡಿಕೊಂಡೇ ಇದ್ದರಲ್ಲ!

ಇದನ್ನೂ ಅಳೆದವರಿದ್ದಾರೆ. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾ, ರಷ್ಯಾಗಳಿಗೆ ಹೊರಟಾಗ, ಏನೇನು ಆಗಬಹುದು ಅಂತ ಬರೂಕ್ ಫಿಶಾಫ್ ಮತ್ತು ರೂತ್ ಬೇತ್ ಎಂಬ ಇಬ್ಬರು ಸಂಶೋಧಕರು ವಿದ್ಯಾರ್ಥಿಗಳಿಂದ ಅಂದಾಜು ಬರೆಸಿಕೊಂಡರು. ಪ್ರವಾಸ ಮುಗಿದ ಮೇಲೆ, ನೀವು ಆಗ ಏನು ಬರೆದಿದ್ದಿರಿ ನೆನಪಿಸಿಕೊಳ್ಳಿ ಅಂದರು. ನಿಜವಾಗಿ ನಡೆದ ಸಂಗತಿಗಳಿಗೆ ತಾವು ಬರೆದಿದ್ದಕ್ಕಿಂತ ಜಾಸ್ತಿ ಸಾಧ್ಯತೆ ಕೊಟ್ಟಿದ್ದೆವು ಅಂತಲೇ ಹೆಚ್ಚಿನವರ ನೆನಪು. ಅವರು ಸುಳ್ಳು ಹೇಳುತ್ತಿರಲಿಲ್ಲ. ನಮ್ಮ ಜಗಲಿಯವರೂ ಸುಳ್ಳು ಹೇಳುತ್ತಿರಲಿಲ್ಲ. ವ್ಯತ್ಯಾಸ ಇಷ್ಟೇ, ಆ ವಿದ್ಯಾರ್ಥಿಗಳ ಹಾಳೆ ಫೈಲಿನಲ್ಲಿತ್ತು.

ಇದೇನು ಸುಮ್ನೆ ನಗುವ ವಿಷಯವಲ್ಲ ಅನಿಸಿತು ನನಗೆ. ಎಲ್ಲರಿಗೂ ಮೊದಲೇ ಗೊತ್ತಿತ್ತು ಅಂತಾದರೆ, ಇನ್ನು ಯಾವ ಗುಡ್ಡ ಬೀಳಬಹುದು ಅಂತಲೂ ಗೊತ್ತಿರಬೇಕಲ್ಲ? ಅದನ್ನೇ ಕೇಳಿದೆ. ಜಗಲಿ ಒಂದು ಗಳಿಗೆ ಸುಮ್ಮನಾಯಿತು. ಆಮೇಲೆ ಯಾರೋ ಈ ಸಲದ ಅಡಿಕೆ ಕೊಳೆರೋಗ, ಅದಕ್ಕೆ ಹೊಡೆಯುವ ಮೈಲುತುತ್ತಿನ ರೇಟು ಅಂತ ಶುರು ಮಾಡಿದರು.

ಮರುದಿನ ಮಳೆ ಹೊಳವಾಯಿತು. ಬಿಸಿಲೂ ಬಂತು. ಹೊರಡುವಾಗ ಆಯಿಯೇ ಹೇಳಿದಳು, "ಕುಮಟಾ ಮೇಲೇ ಹೋಪ, ಬೇಗ ಆಗ್ತು." ನನಗೆ ಆಶ್ಚರ್ಯ. ವಾರವಿಡೀ ಕುಡಿದ ನೀರು ಗುಡ್ಡದೊಳಗೇ ಇತ್ತು. ಮಳೆ ನಿಂತ ಕೂಡಲೇ ಗುಡ್ಡ ಒಣಗುವುದಿಲ್ಲ, ಮಳೆ ನಿಂತ ಮೇಲೆ ಜಾರಿದ ಗುಡ್ಡಗಳೂ ಇವೆ. ಆದರೆ ಬಿಸಿಲು ಬಿದ್ದಿತ್ತು, ತಿಥಿ ಸಾಂಗವಾಗಿ ಮುಗಿದಿತ್ತು, ಆಯಿಯ ಮನಸ್ಸು ಹಗುರಾಗಿತ್ತು. ಹಾಗಾಗಿ ಶಿರೂರೂ ಹಗುರಾಯಿತು. ಹುಡುಗ ಮಾತ್ರ ಬಿಸಿಲು ನೋಡಿದರೂ ಕುಮಟಾಕ್ಕೆ ಇನ್ನೊಂದು ಸಲ ಫೋನು ಮಾಡಿಯೇ ಗಾಡಿ ಎತ್ತಿದ.

ದೇವಿಮನೆ ಇಳಿದು, ಕುಮಟಾ, ಮಾದನಗೇರಿ ದಾಟಿದೆವು. ಶಿರೂರು ಬಂದಾಗ ಮುಂದಿದ್ದ ವಾಹನಗಳೆಲ್ಲ ನಿಧಾನವಾದವು. ಎಲ್ಲರ ಕುತ್ತಿಗೆ ಗುಡ್ಡದ ಕಡೆಗೆ. "ದಿನಾ ಹೀಗೇ ಸರ್," ಅಂದ ಹುಡುಗ. "ಇಲ್ಲಿ ಮೂವತ್ತರಲ್ಲಿ ಹೋಗ್ತಾರೆ. ಈಗ ನೋಡಿ ಬೇಕಾದ್ರೆ." ನೋಡಿದೆ. ಆ ಜಾಗ ಹಿಂದೆ ಬೀಳುವುದೇ ತಡ, ಒಂದು ಬಿಳಿ ಕಾರು, ಅದರ ಹಿಂದೆ ಒಂದು ಟೂರಿಸ್ಟ್ ಬಸ್ಸು, ತಡೆದಿಟ್ಟ ಸಮಯವನ್ನೆಲ್ಲ ವಸೂಲಿ ಮಾಡುವವರ ಹಾಗೆ ಹಾರಿಹೋದವು. ಮುಂದೆ ಅಂಕೋಲಾ ತನಕ ರಸ್ತೆ ಮೇಲೆ ಅಲ್ಲಲ್ಲಿ ದನ ಮಲಗಿದ್ದವು. ಅವುಗಳಿಗೆ ಹೆದರಿ ಕುತ್ತಿಗೆ ತಿರುಗಿಸಿದವರು ಯಾರೂ ಕಾಣಲಿಲ್ಲ.

ಮನೆಗೆ ಬಂದು ಚಾ ಕುಡಿಯುವಾಗ ನಾನು ಆಯಿಗೆ ಹೇಳಿದೆ, ಮುಂದಿನ ವರ್ಷ ಎರಡೂ ರಸ್ತೆಯ ರಗಳೆ ಬೇಡ, ಕಾರವಾರದಿಂದ ಕುಮಟಾ ತನಕ ರೈಲಿನಲ್ಲಿ ಹೋಗೋಣ, ಅಲ್ಲಿಂದ ಘಟ್ಟಕ್ಕೆ ಬಸ್ಸು ಇದ್ದೇ ಇದೆ. ಆಯಿ ಲೋಟ ಕೆಳಗಿಟ್ಟಳು.

"ರೈಲು ಬ್ಯಾಡ್ದೇ ಬ್ಯಾಡ ತಮಾ. ಅದು ಗುಡ್ಡದ ಒಳಗೇ ಹೋಗ್ತು."