ಮಾಲ್ಟಾದಲ್ಲಿ ಪೆಟ್ಟಾದ್ರೆ ನೋವಿಗೆ ಬೆಲೆ ಇಲ್ವಾ?

ಲಾ ಕಾಲೇಜಲ್ಲಿ ಪ್ರೈವೇಟ್ ಇಂಟರ್‌ನ್ಯಾಷನಲ್ ಲಾ, ಅಂದ್ರೆ ಬೇರೆ ಬೇರೆ ದೇಶ ಸೇರ್ಕೊಂಡ ಖಾಸಗಿ ವ್ಯಾಜ್ಯಕ್ಕೆ ಯಾವ ದೇಶದ ಕಾನೂನು ಅಂತ ಹೇಳೋ ವಿಷಯ, ನಮಗೆ ಹಿಂದಿನ ರಾತ್ರಿ ಗೈಡ್ ತಿರುವಿಹಾಕಿ ಬರೆಯೋ ಪೇಪರ್ ಆಗಿತ್ತು. ಅದ್ರಲ್ಲಿ ಬಾಯ್ಸ್ ವರ್ಸಸ್ ಚಾಪ್ಲಿನ್ ಅಂತ ಒಂದು ಕೇಸಿನ ಹೆಸರು ಮಾತ್ರ ಬಾಯಿಪಾಠ. ಈಗ ಇಷ್ಟು ವರ್ಷ ಆದ್ಮೇಲೆ ಕೂತು ಓದಿದೆ ನೋಡಿ.

1963, ಮಾಲ್ಟಾ. ಸ್ಕೂಟರ್ ಹಿಂದೆ ಕೂತಿದ್ದ ಇಂಗ್ಲೆಂಡಿನ ಸೈನಿಕನೊಬ್ಬನಿಗೆ ಕಾರು ಗುದ್ದುತ್ತೆ, ಕಾರು ಓಡಿಸ್ತಿದ್ದವನೂ ಇಂಗ್ಲೆಂಡಿನ ಸೈನಿಕನೇ, ಇಬ್ರೂ ಡ್ಯೂಟಿ ಮೇಲೆ ಅಲ್ಲಿಗೆ ಹೋಗಿದ್ದವರು ಅಷ್ಟೇ. ತಪ್ಪು ಯಾರದು ಅನ್ನೋದ್ರಲ್ಲಿ ತಕರಾರಿಲ್ಲ, ತಕರಾರೆಲ್ಲ ದುಡ್ಡಿಂದು. ಮಾಲ್ಟಾ ಕಾನೂನು ಖರ್ಚು, ಸಂಬಳ ಅಂತ ಲೆಕ್ಕಕ್ಕೆ ಸಿಗೋ ನಷ್ಟ ಮಾತ್ರ ಕೊಡೋದು, 53 ಪೌಂಡ್. ನೋವು ತಿಂದಿದ್ದಕ್ಕೆ ಸೊನ್ನೆ! ಇಂಗ್ಲಿಷ್ ಕಾನೂನಲ್ಲಿ ಆ ನೋವಿಗೇ 2,250 ಪೌಂಡ್.

ಕೇಸು ನಡೆದಿದ್ದು ಇಂಗ್ಲೆಂಡಲ್ಲಿ, ಹಾಗಂತ ಇಂಗ್ಲಿಷ್ ಕಾನೂನೇ ನಡೀಬೇಕು ಅಂತೇನಿಲ್ಲ, ಯಾವ ಕೋರ್ಟು ಅನ್ನೋದು ಬೇರೆ ಪ್ರಶ್ನೆ ಯಾವ ಕಾನೂನು ಅನ್ನೋದು ಬೇರೆ, ಇದನ್ನ ವಕೀಲರೇ ಕಲಸಿ ಹಾಕ್ತಾರೆ. 1870ರಿಂದ ಇದ್ದ ರೂಲ್ ಪ್ರಕಾರ, ಹೊರದೇಶದಲ್ಲಾದ ಪೆಟ್ಟಿಗೆ ಇಂಗ್ಲೆಂಡಲ್ಲಿ ಕೇಸು ಹಾಕ್ಬೇಕಾದ್ರೆ ಅದು ಆ ದೇಶದಲ್ಲೂ ತಪ್ಪಾಗಿರ್ಬೇಕು ಇಂಗ್ಲೆಂಡಲ್ಲೂ ತಪ್ಪಾಗಿರ್ಬೇಕು. 1969ರಲ್ಲಿ ಹೌಸ್ ಆಫ್ ಲಾರ್ಡ್ಸ್ (ಆಗ ಅಲ್ಲಿನ ಅತಿ ದೊಡ್ಡ ಕೋರ್ಟು) 'ಇಬ್ರೂ ನಮ್ಮವರು, ಮಾಲ್ಟಾಗೇನು ಸಂಬಂಧ' ಅನ್ನೋ ಥರ ಇಂಗ್ಲಿಷ್ ಲೆಕ್ಕಾನೇ ಹಿಡೀತು. ತಮಾಷೆ ಅಂದ್ರೆ ಐದೂ ಜಡ್ಜ್‌ಗಳು ಕೊನೇ ಉತ್ತರಕ್ಕೆ ಒಪ್ಪಿದ್ರು, ಕಾರಣ ಕೇಳಿದ್ರೆ ಒಬ್ಬೊಬ್ರದು ಒಂದೊಂದು ದಾರಿ.

ಈಗ ಯೂರೋಪಲ್ಲಿ ಡೆನ್ಮಾರ್ಕ್ ಬಿಟ್ಟು ಉಳಿದ ಯೂರೋಪಿಯನ್ ಯೂನಿಯನ್ ದೇಶಗಳಿಗೆ ರೋಮ್ 2 ಅನ್ನೋ ಕಾನೂನಿದೆ, 2009ರ ಜನವರಿ 11ರಿಂದ. ಪೆಟ್ಟು ಎಲ್ಲಿ ಬಿತ್ತೋ ಅಲ್ಲಿನ ಕಾನೂನು, ಆದ್ರೆ ಇಬ್ರೂ ಒಂದೇ ದೇಶದಲ್ಲಿ ವಾಸ ಇರೋರಾದ್ರೆ ಆ ದೇಶದ್ದು. ಐದು ಲಾರ್ಡ್‌ಗಳು ಒದ್ದಾಡಿದ್ದು ಇಲ್ಲಿ ಒಂದೇ ಸಾಲು.

ಎಲ್ಲಾ ಬಗೆಹರೀತು ಅಂದ್ಕೋಬೇಡಿ. ಇಟಲಿಯಲ್ಲಿ ಆಕ್ಸಿಡೆಂಟಲ್ಲಿ ಹೆಂಗಸೊಬ್ಬಳು ಸತ್ತಳು, ಅಪ್ಪ ರೊಮೇನಿಯಾದಲ್ಲಿ. ಅಪ್ಪನ ದುಃಖ ಆಗಿದ್ದು ರೊಮೇನಿಯಾದಲ್ಲಿ ತಾನೆ, ಹಾಗಾದ್ರೆ ಅಲ್ಲಿನ ಕಾನೂನಾ? ಇಲ್ಲ, ನೇರ ಹಾನಿ ಆಗಿದ್ದು ಇಟಲಿಯಲ್ಲಿ, ಅಪ್ಪನ ಸಂಕಟ ಅದರ ಪರೋಕ್ಷ ಪರಿಣಾಮ ಅಂತ 2015ರಲ್ಲಿ ಯೂರೋಪಿನ ಕೋರ್ಟ್ ಹೇಳ್ತು. ಪರೋಕ್ಷ ಅನ್ನೋ ಪದ ಓದಿ ಸಿಟ್ಟು ಬಂತು. ಆದ್ರೂ ಸತ್ತವರ ಮನೆಯವರು ನಾಲ್ಕು ದೇಶದಲ್ಲಿದ್ರೆ ಒಂದೇ ಸಾವಿಗೆ ನಾಲ್ಕು ಕಾನೂನು ಹಿಡ್ಕೊಂಡು ಕೂರೋಕಾಗುತ್ತಾ, ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ.