ಗಾಯ ಎಲ್ಲಿದೆ ಅಂತ ಬಿಳಿ ರಕ್ತಕಣಕ್ಕೆ ಹೇಗೆ ಗೊತ್ತಾಗುತ್ತೆ?

ನಾನು ಪೆಥಾಲಜಿ ಪಾಠ ಮಾಡುವವನು ಅಂತ ತಿಳಿದ ಕೂಡಲೇ ಜನ ಕೇಳುವ ಪ್ರಶ್ನೆ ಇದು. ಕಾಲಿಗೆ ಮುಳ್ಳು ಚುಚ್ಚಿತು, ಕೀವು ಕಟ್ಟಿತು. ಕೀವಿನಲ್ಲಿ ತುಂಬಿರುವುದು ಬಿಳಿ ರಕ್ತಕಣಗಳು ಅಂತ ಶಾಲೆಯಲ್ಲೇ ಓದಿದ್ದೇವೆ. ಮೈಯೆಲ್ಲ ಸುತ್ತುತ್ತಿದ್ದ ಆ ಕಣಗಳಿಗೆ ‘ಇದೇ ಕಾಲು, ಇದೇ ಬೆರಳು, ಇಲ್ಲೇ ಇಳಿ’ ಅಂತ ಹೇಳಿದ್ದು ಯಾರು?

ಹೇಳಿದ್ದು ರಕ್ತನಾಳದ ಗೋಡೆ. ಕಣ ಸುಮ್ನೆ ಹರಿದು ಹೋಗುತ್ತಿರುತ್ತದೆ, ಗೋಡೆಯೇ ಅದನ್ನು ಹಿಡಿದು ನಿಲ್ಲಿಸುತ್ತದೆ.

ಇದು ಹಳೆಯ ಅನುಮಾನ. 1867ರಲ್ಲಿ ಜರ್ಮನಿಯ ಯೂಲಿಯುಸ್ ಕೋನ್‌ಹೈಮ್ ಕಪ್ಪೆಯ ರಕ್ತನಾಳಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ, ಉರಿಯೂತ ಆದ ಕಡೆ ಬಿಳಿ ಕಣಗಳು ಗೋಡೆಗುಂಟ ಸಾಲು ಹಿಡಿದು ನಿಂತು ಆಮೇಲೆ ಗೋಡೆ ದಾಟಿ ಹೊರಗೆ ಬರುವುದನ್ನು ವಿವರಿಸಿದ್ದ. ಬದಲಾಗಿರುವುದು ಗೋಡೆ ಅಂತಲೇ ಅವನ ವಾದ. ಏನು ಬದಲಾಗಿದೆ ಅಂತ ತೋರಿಸಲು ಇನ್ನೂ ನೂರು ವರ್ಷಕ್ಕಿಂತ ಜಾಸ್ತಿ ಬೇಕಾಯಿತು.

ಗೋಡೆಯ ಒಳಪದರದ ಹೆಸರು ಎಂಡೋಥೀಲಿಯಮ್. ಒಂದೇ ಜೀವಕೋಶದಷ್ಟು ದಪ್ಪ. ಮಾಮೂಲಿ ದಿನಗಳಲ್ಲಿ ಅದು ನೈಟ್ರಿಕ್ ಆಕ್ಸೈಡ್ ಬಿಡುತ್ತಾ ಯಾವ ಕಣವೂ ತನಗೆ ಅಂಟದಂತೆ ನೋಡಿಕೊಳ್ಳುತ್ತದೆ. ಮುಳ್ಳು ಚುಚ್ಚಿದ ಜಾಗದಲ್ಲಿ ಮಾತ್ರ ಈ ಶಿಸ್ತು ತಪ್ಪುತ್ತದೆ, ಅದೂ ಎರಡು ವೇಗದಲ್ಲಿ.

ಮೊದಲನೆಯದು ನಿಮಿಷಗಳ ಲೆಕ್ಕ. ಈ ಕೋಶಗಳ ಒಳಗೆ ಕಡ್ಡಿಯಾಕಾರದ ಪುಟ್ಟ ಚೀಲಗಳಿವೆ. 1964ರಲ್ಲಿ ವೈಬೆಲ್ ಮತ್ತು ಪಲಾಡೆ ಗುರುತಿಸಿದ್ದರಿಂದ ಅವರದ್ದೇ ಹೆಸರು. ಅದರಲ್ಲಿ ಪಿ-ಸೆಲೆಕ್ಟಿನ್ ಎಂಬ ಅಂಟುವ ಪ್ರೋಟೀನ್ ಮೊದಲೇ ತಯಾರಾಗಿ ಕೂತಿರುತ್ತದೆ. ಗಾಯವಾದ ಕಡೆ ಕೋಶಗಳು ಬಿಡುವ ಹಿಸ್ಟಮಿನ್ ಎಂಬ ರಾಸಾಯನಿಕ ಬಂದು ತಟ್ಟಿದರೆ ಸಾಕು, ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ, ಚೀಲ ಹೋಗಿ ಹೊರಪೊರೆಗೆ ಸೇರಿಕೊಳ್ಳುತ್ತದೆ, ಒಳಗಿದ್ದ ಪಿ-ಸೆಲೆಕ್ಟಿನ್ ರಕ್ತದ ಕಡೆಗೆ ಚಾಚಿಕೊಳ್ಳುತ್ತದೆ. ಹೊಸದಾಗಿ ಏನನ್ನೂ ತಯಾರಿಸಬೇಕಿಲ್ಲ.

ಎರಡನೆಯದು ಗಂಟೆಗಳ ಲೆಕ್ಕ. ನನಗೆ ತುಂಬಾ ಇಷ್ಟವಾದ ಭಾಗ ಇದೇ. ಅಲ್ಲಿನ ಮ್ಯಾಕ್ರೋಫೇಜ್ ಎಂಬ, ರೋಗಾಣು ನುಂಗುವ ಕೋಶಗಳು ಟಿಎನ್‌ಎಫ್, ಐಎಲ್-1 ಎಂಬ ಸಂದೇಶಗಳನ್ನು ಬಿಡುತ್ತವೆ. ಎಂಡೋಥೀಲಿಯಮ್ ಕೋಶದಲ್ಲಿ ಎನ್‌ಎಫ್ ಕಪ್ಪಾ ಬಿ ಎಂಬ ಪ್ರೋಟೀನ್ ಇದೆ (1986ರಲ್ಲಿ ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ ಇದನ್ನು ಕಂಡುಹಿಡಿದದ್ದು ಬೇರೆಯೇ ಕೋಶದಲ್ಲಿ). ಐ ಕಪ್ಪಾ ಬಿ ಅನ್ನೋ ಇನ್ನೊಂದು ಪ್ರೋಟೀನ್ ಅದನ್ನು ನ್ಯೂಕ್ಲಿಯಸ್‌ನ ಹೊರಗೇ ಕಟ್ಟಿಹಾಕಿರುತ್ತದೆ. ಟಿಎನ್‌ಎಫ್ ಬಂದಾಗ ಕೈನೇಸ್ ಎಂಬ ಒಂದು ಕಿಣ್ವ ಈ ಕಾವಲುಗಾರನಿಗೆ ಫಾಸ್ಫೇಟ್ ಹಚ್ಚುತ್ತದೆ, ‘ಇದನ್ನು ನಾಶಮಾಡಿ’ ಅನ್ನುವ ಯುಬಿಕ್ವಿಟಿನ್ ಮುದ್ರೆ ಬೀಳುತ್ತದೆ, ಕೋಶದ ಕಸ ಅರೆಯುವ ಯಂತ್ರದಂಥ ಪ್ರೋಟಿಯಾಸೋಮ್ ಅವನನ್ನು ಚೂರುಚೂರು ಮಾಡುತ್ತದೆ. ಬಿಡುಗಡೆಯಾದ ಎನ್‌ಎಫ್ ಕಪ್ಪಾ ಬಿ ನ್ಯೂಕ್ಲಿಯಸ್ಸಿಗೆ ನುಗ್ಗಿ ಇ-ಸೆಲೆಕ್ಟಿನ್, ವಿಕ್ಯಾಮ್-1, ಐಕ್ಯಾಮ್-1 ಎಂಬ ಅಂಟುವ ಪ್ರೋಟೀನುಗಳ ಜೀನ್‌ಗಳನ್ನು ಎಬ್ಬಿಸುತ್ತದೆ. ಇ-ಸೆಲೆಕ್ಟಿನ್ ನಾಲ್ಕಾರು ಗಂಟೆಯಲ್ಲಿ ಗೋಡೆಯ ಮೇಲೆ ತುಂಬಿಕೊಂಡು ಮರುದಿನದ ಹೊತ್ತಿಗೆ ಬಹುಪಾಲು ಇಳಿದಿರುತ್ತದೆ. ಐಕ್ಯಾಮ್-1 ಹಾಗಲ್ಲ, ಮರುದಿನವೂ ಗಟ್ಟಿಯಾಗಿ ನಿಂತಿರುತ್ತದೆ.

ಮಜಾ ಏನೆಂದರೆ, ಎನ್‌ಎಫ್ ಕಪ್ಪಾ ಬಿ ಎಬ್ಬಿಸುವ ಜೀನ್‌ಗಳಲ್ಲಿ ಐ ಕಪ್ಪಾ ಬಿ ಕೂಡ ಒಂದು. ತನ್ನನ್ನು ಮತ್ತೆ ಕಟ್ಟಿಹಾಕುವವನನ್ನು ತಾನೇ ಹುಟ್ಟಿಸುತ್ತದೆ! ಟಿಎನ್‌ಎಫ್ ನಿಂತರೆ ಗೋಡೆ ತಾನಾಗಿ ತಣ್ಣಗಾಗುವುದು ಇದರಿಂದಲೇ. ಟಿಎನ್‌ಎಫ್ ಬರುತ್ತಲೇ ಇದ್ದರೆ ಹೊಸ ಕಾವಲುಗಾರನೂ ಉಳಿಯುವುದಿಲ್ಲ, ಗೋಡೆ ಅಂಟುತ್ತಲೇ ಇರುತ್ತದೆ. ರುಮಟಾಯ್ಡ್ ಸಂಧಿವಾತದಲ್ಲಿ ಆಗೋದು ಇದೇ ತರಹದ್ದು.

ಹಿಡಿಯೋದನ್ನು ಕಣ್ಣಾರೆ ನೋಡಬೇಕು. ಹೊಕ್ಕುಳಬಳ್ಳಿಯ ರಕ್ತನಾಳದಿಂದ ತೆಗೆದ ಕೋಶಗಳನ್ನು ಗಾಜಿನ ಮೇಲೆ ಬೆಳೆಸಿ, ಟಿಎನ್‌ಎಫ್ ಹಾಕಿ, ನಾಲ್ಕು ಗಂಟೆ ಬಿಟ್ಟು, ಅದರ ಮೇಲೆ ನ್ಯೂಟ್ರೋಫಿಲ್ ಎಂಬ ಬಗೆಯ ಬಿಳಿ ಕಣಗಳನ್ನು ಹರಿಸುತ್ತಾರೆ. ಮಧ್ಯದಲ್ಲಿ ಹರಿಯುವ ಕಣಗಳು ಬರೀ ಗೆರೆಯಂತೆ ಮಾಯವಾಗುತ್ತವೆ. ಗೋಡೆಗೆ ತಾಕಿದ ಒಂದು ಕಣ ಮಾತ್ರ ದಿಢೀರನೆ ನಿಧಾನವಾಗಿ, ತಡೆದು ತಡೆದು, ಉರುಳುತ್ತಾ ಬರುತ್ತದೆ. ಹೊಲದಲ್ಲಿ ನಡೆದರೆ ಪಂಚೆಗೆ ಉತ್ತರಾಣಿ ಬೀಜ ಹತ್ತಿಕೊಳ್ಳುತ್ತದಲ್ಲ, ಹಿಡಿಯುತ್ತೆ ಆದರೆ ಎಳೆದರೆ ಬರುತ್ತೆ, ಸೆಲೆಕ್ಟಿನ್ ಹಿಡಿತ ಅಂಥದ್ದು. ಉರುಳುವಾಗ ಗೋಡೆಯ ಮೇಲಿರುವ ಕೀಮೋಕೈನ್ ಎಂಬ ಸಂದೇಶದ ಪ್ರೋಟೀನ್ ಕಣಕ್ಕೆ ತಗಲುತ್ತದೆ. ಆಗ ಕಣದ ಮೈಮೇಲೆ ಮಡಚಿಕೊಂಡಿದ್ದ ಇಂಟೆಗ್ರಿನ್ ಎಂಬ ಹಿಡಿಯುವ ಪ್ರೋಟೀನುಗಳು ನೆಟ್ಟಗಾಗಿ ಐಕ್ಯಾಮ್-1 ಅನ್ನು ಬಲವಾಗಿ ಹಿಡಿಯುತ್ತವೆ. ಕಣ ನಿಂತೇಬಿಡುತ್ತದೆ. ಚಪ್ಪಟೆಯಾಗಿ ಹರಡಿಕೊಂಡು, ಎರಡು ಕೋಶಗಳ ಸಂದಿಯಲ್ಲಿ ನುಸುಳುತ್ತದೆ.

ಇದು ತಿಳಿದರೆ ಇನ್ನೊಂದು ಪ್ರಶ್ನೆಗೂ ಉತ್ತರ ಸಿಗುತ್ತದೆ. ‘ಸ್ಟೀರಾಯ್ಡ್ ಶುರು ಮಾಡಿದ ಮೇಲೆ ರಿಪೋರ್ಟ್‌ನಲ್ಲಿ ಬಿಳಿ ಕಣ ಏರಿದೆ, ಸೋಂಕು ಜಾಸ್ತಿಯಾಯ್ತಾ ಸಾರ್?’ ಯಾವಾಗಲೂ ಹಾಗಲ್ಲ. ಸ್ಟೀರಾಯ್ಡ್ ಈ ಅಂಟುವಿಕೆಯನ್ನು ಕಡಿಮೆ ಮಾಡುತ್ತದೆ, ಗೋಡೆಗೆ ಹತ್ತಿಕೊಂಡಿದ್ದ ನ್ಯೂಟ್ರೋಫಿಲ್‌ಗಳು ಹರಿವಿಗೆ ಬೀಳುತ್ತವೆ, ಮಜ್ಜೆಯಿಂದಲೂ ಒಂದಷ್ಟು ಬರುತ್ತವೆ, ಸೂಜಿಗೆ ಜಾಸ್ತಿ ಸಿಗುತ್ತವೆ. ಸೋಂಕು ಇದೆಯೋ ಇಲ್ಲವೋ ಅಂತ ನಿಮ್ಮನ್ನು ನೋಡುವ ಡಾಕ್ಟರೇ ಹೇಳಬೇಕು.

ಹಾಗಾದ್ರೆ ಅಂಟೋದನ್ನೇ ಪೂರ್ತಿ ನಿಲ್ಲಿಸಿಬಿಟ್ಟರೆ? ನಟಾಲಿಜುಮಾಬ್ ಎಂಬ ಔಷಧ ವಿಕ್ಯಾಮ್-1 ಹಿಡಿಯುವ ಇಂಟೆಗ್ರಿನ್ ಅನ್ನು ಮುಚ್ಚುತ್ತದೆ. ಸ್ವಂತ ಬಿಳಿ ಕಣಗಳೇ ಮೆದುಳಿನ ನರಗಳ ಹೊದಿಕೆಯನ್ನು ಹಾಳುಮಾಡುವ ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆಗೆ ಚೆನ್ನಾಗಿ ಕೆಲಸ ಮಾಡಿತು. ಆದರೆ ಕಾವಲು ಕಣಗಳೂ ಮೆದುಳಿಗೆ ಹೋಗದೆ ಕೆಲವರಲ್ಲಿ, ಮೈಯಲ್ಲಿ ಸುಮ್ಮನೆ ಅಡಗಿದ್ದ ಜೆಸಿ ವೈರಸ್ ಮೆದುಳಿನಲ್ಲಿ ತಲೆಯೆತ್ತಿತು. 2005ರಲ್ಲಿ ಮಾರಾಟ ನಿಲ್ಲಿಸಿ, ಮರುವರ್ಷ ಕಟ್ಟುನಿಟ್ಟಿನ ನಿಗಾ ಇಟ್ಟು ಮತ್ತೆ ತಂದರು.

ಹುಟ್ಟಿನಿಂದಲೇ ಅಂಟದ ಮಕ್ಕಳೂ ಇದ್ದಾರೆ. ಇಂಟೆಗ್ರಿನ್ ದೋಷ ಇದ್ದರೆ ಹೊಕ್ಕುಳಬಳ್ಳಿ ಬೀಳುವುದು ತಡವಾಗುತ್ತದೆ, ರಕ್ತದಲ್ಲಿ ಬಿಳಿ ಕಣ ತುಂಬಿದ್ದರೂ ಗಾಯದಲ್ಲಿ ಕೀವೇ ಇಲ್ಲ. ಅದಕ್ಕಿಂತ ಅಪರೂಪದ ಇನ್ನೊಂದು ಬಗೆಯಲ್ಲಿ ಸೆಲೆಕ್ಟಿನ್ ಹಿಡಿಯಬೇಕಾದ ಫ್ಯೂಕೋಸ್ ಎಂಬ ಸಕ್ಕರೆಯೇ ಕಣದ ಮೇಲೆ ಇರುವುದಿಲ್ಲ. ಆ ಮಕ್ಕಳ ರಕ್ತದ ಗುಂಪು ಬಾಂಬೆ ಗುಂಪು, 1952ರಲ್ಲಿ ಮುಂಬೈಯಲ್ಲಿ ಗುರುತಿಸಿದ್ದು, ಏಕೆಂದರೆ ಎ, ಬಿ, ಓ ಗುಂಪುಗಳ ಬುನಾದಿಯಾದ ಎಚ್ ಎಂಬ ಗುರುತಿಗೂ ಫ್ಯೂಕೋಸ್ ಬೇಕು, ಆ ಗುರುತಿಲ್ಲದ ಗುಂಪೇ ಬಾಂಬೆ. ಬಾಂಬೆ ಗುಂಪಿನವರು ಗಾಬರಿಯಾಗಬೇಡಿ, ಸಾಮಾನ್ಯವಾಗಿ ಆ ಗುಂಪಿಗೆ ಕಾರಣ ಬೇರೆ ಜೀನ್, ಅವರ ಬಿಳಿ ಕಣಗಳು ಸರಿಯಾಗಿಯೇ ಅಂಟುತ್ತವೆ. ಆ ಮಕ್ಕಳಲ್ಲಿ ಕೆಲವರಿಗೆ ಫ್ಯೂಕೋಸ್ ಅನ್ನೇ ಬಾಯಿಯ ಮೂಲಕ ಕೊಟ್ಟು ನೋಡಿದ್ದಾರೆ, ಸೋಂಕು ಕಡಿಮೆಯಾಗಿದೆ. ಎಲ್ಲರಿಗೂ ಅಲ್ಲ, ದೋಷ ಜೀನಿನ ಯಾವ ಜಾಗದಲ್ಲಿದೆ ಅನ್ನೋದರ ಮೇಲೆ ಹೋಗುತ್ತದೆ.